ಆಂಗ್ಲ ಪದಸಂಪಾದನೆಗೆ ನಮ್ಮ ನಿಘಂಟುಕಾರರ ದಾರಿ

ಕೃಷ್ಣಾ-ಮಲಪ್ರಭೆಯರ ಸಂಗಮದಿಂದ ಪುನೀತವಾದ ಹುನಗುಂದ-ಇಳಕಲ್ಲ ಸೀಮೆಯ ಮರೋಳದಂತಹ ಗ್ರಾಮಗಳಲ್ಲಿ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ತಾಲ್ಲೂಕು ಕೇಂದ್ರದಲ್ಲಿ ಪದವಿಪೂರ್ವ ಶಿಕ್ಷಣವನ್ನು ಪಡೆದು, ಬಾಗಲಕೋಟೆಯಲ್ಲಿ 1963ರಲ್ಲಿ ಸ್ಥಾಪಿತವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂತಹ ವಿದ್ಯಾಲಯದಿಂದ ಪದವೀಧರನಾಗಿ ಹೊರಬರುವ ತರುಣನಿಗೆ ಇಂದು ಲೋಕದ ಬಾಗಿಲುಗಳು ಹಿಂದೆಂದಿಗಿಂತಲೂ ಹೆಚ್ಚಾಗಿ ತೆರೆದಿವೆ. ಗಣಿತದಲ್ಲಿ ಅವನು ಯಾರಿಗೂ ಹಿಂದುಳಿದವನಲ್ಲ. ಯಂತ್ರಶಾಸ್ತ್ರದಲ್ಲಾಗಲಿ ವಿದ್ಯುತ್ ಶಾಸ್ತ್ರದಲ್ಲಾಗಲಿ ಅವನ ಪರಿಶ್ರಮ ಕಡಿಮೆಯದಲ್ಲ. ಆದರೂ ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗಬೇಕೆಂಬ ಹಂಬಲ ಮೂಡಿದೊಡನೆ ಅವನ ಎದೆ ಅಳುಕುತ್ತದೆ. ಈ ಅಳುಕಿಗೆ ಕಾರಣವಾದುದು ವಿಷಯಜ್ಞಾನದ ಕೊರತೆಯಲ್ಲ. ಪ್ರವೇಶ ಪರೀಕ್ಷೆಯಲ್ಲಿ ಎದುರಾಗುವ ಇಂಗ್ಲಿಷ್ ಪದಗಳ ಭಯ. ‘ನಾನು ಕನ್ನಡ ಮಾಧ್ಯಮದವನು, ನನಗೆ ಇದು ಸಾಧ್ಯವಾಗದು’ ಎಂಬ ಒಂದೇ ಮಾತಿನಿಂದ ಅರ್ಜಿಯನ್ನೇ ಹಾಕದೆ ಹಿಂದೆ ಸರಿಯುವವರುಂಟು. ಅವರ ಆ ಮಾತು ಎಷ್ಟರಮಟ್ಟಿಗೆ ನಿಜ, ಅದಕ್ಕೆ ಪರಿಹಾರವೇನು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಪರೀಕ್ಷೆಯ ಸ್ವರೂಪ

ಅಮೆರಿಕದ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕಾಗಿ ನಡೆಯುವ ಪರೀಕ್ಷೆಗಳಲ್ಲಿ ಪ್ರಸಿದ್ಧವಾದುದು ‘ಗ್ರಾಜುಯೇಟ್ ರೆಕಾರ್ಡ್ ಎಗ್ಸಾಮಿನೇಶನ್’. ನಮ್ಮ ವಿದ್ಯಾರ್ಥಿಗಳು ಇದನ್ನು ಸಂಕ್ಷೇಪವಾಗಿ ಜಿ.ಆರ್.ಇ. ಎಂದು ಕರೆಯುತ್ತಾರೆ. 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ನೆರವಿನಿಂದ ಕೆಲವೇ ವಿಶ್ವವಿದ್ಯಾಲಯಗಳು ಪ್ರಯೋಗರೂಪದಲ್ಲಿ ಇದನ್ನು ಆರಂಭಿಸಿದವು. 1947ರಲ್ಲಿ ಸ್ಥಾಪಿತವಾದ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಸಂಸ್ಥೆ ಅನಂತರ ಇದರ ಹೊಣೆಯನ್ನು ಹೊತ್ತುಕೊಂಡಿತು. ಇತ್ತೀಚಿನ ವರ್ಷಗಳಲ್ಲಿ ಅನೇಕ ವಿಶ್ವವಿದ್ಯಾಲಯಗಳು ಈ ಪರೀಕ್ಷೆಯನ್ನು ಐಚ್ಛಿಕವಾಗಿ ಮಾಡಿರುವುದುಂಟು; ಆದರೂ ಹೆಸರುವಾಸಿಯಲ್ಲದ ಕಾಲೇಜಿನಿಂದ ಬಂದ ಗ್ರಾಮೀಣ ವಿದ್ಯಾರ್ಥಿಗೆ ತನ್ನ ಯೋಗ್ಯತೆಯನ್ನು ಸಮಾನಭೂಮಿಕೆಯ ಮೇಲೆ ತೋರಿಸಿಕೊಳ್ಳಲು ಇದೊಂದು ಅವಕಾಶವೇ ಸರಿ.

2023ರ ಸೆಪ್ಟೆಂಬರಿನಿಂದ ಈ ಪರೀಕ್ಷೆಯ ಒಟ್ಟು ಅವಧಿಯನ್ನು 1 ಗಂಟೆ 58 ನಿಮಿಷಗಳಿಗೆ ಇಳಿಸಲಾಗಿದೆ. ಬರವಣಿಗೆ, ಭಾಷೆ, ಗಣಿತ ಎಂದು ಮೂರು ಅಂಗಗಳು. ಭಾಷೆಯ ಭಾಗದಲ್ಲಿ 27 ಪ್ರಶ್ನೆಗಳಿದ್ದು, ಅವುಗಳಿಗೆ ಒಟ್ಟು 41 ನಿಮಿಷಗಳ ಕಾಲಾವಕಾಶವಿದೆ. ಅಂಕಗಳು 130ರಿಂದ 170ರವರೆಗೆ. ಪ್ರಶ್ನೆಗಳು ಮೂರು ಬಗೆ: ಗದ್ಯಖಂಡವನ್ನು ಓದಿ ಉತ್ತರಿಸುವುದು, ವಾಕ್ಯಗಳಲ್ಲಿ ಬಿಟ್ಟ ಸ್ಥಳಗಳನ್ನು ತುಂಬುವುದು, ಒಂದೇ ಬಿಟ್ಟ ಸ್ಥಳಕ್ಕೆ ಆರು ಪದಗಳಲ್ಲಿ ಎರಡನ್ನು, ವಾಕ್ಯದ ಅರ್ಥ ಒಂದೇ ಆಗಿ ನಿಲ್ಲುವಂತೆ, ಆರಿಸುವುದು. ಕೊನೆಯ ಎರಡು ಬಗೆಗಳಲ್ಲಿ ಉತ್ತರ ಪೂರ್ಣವಾಗಿ ಸರಿಯಿದ್ದರೆ ಮಾತ್ರ ಅಂಕ. ಅರ್ಧ ಸರಿಯಾದುದಕ್ಕೆ ಅರ್ಧ ಅಂಕವಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. 2011ರ ಆಗಸ್ಟಿಗೆ ಮುಂಚೆ ಈ ಪರೀಕ್ಷೆಯಲ್ಲಿ ವಿರುದ್ಧಪದವನ್ನು ಹೇಳಿರೆಂಬ ಪ್ರಶ್ನೆಗಳೂ ಪದಜೋಡಿಗಳ ಸಾದೃಶ್ಯವನ್ನು ಹೇಳಿರೆಂಬ ಪ್ರಶ್ನೆಗಳೂ ಇದ್ದವು. ಅಂದು ಪದವು ವಾಕ್ಯದ ನೆರಳಿಲ್ಲದೆ ಒಂಟಿಯಾಗಿ ಬರುತ್ತಿತ್ತು. ಆದಕಾರಣ ಬ್ಯಾರನ್ಸ್ ಪ್ರಕಾಶನದ 3500 ಪದಗಳ ಪಟ್ಟಿಯಂತಹವನ್ನು ಕಂಠಪಾಠ ಮಾಡುವ ರೂಢಿ ನಮ್ಮ ದೇಶದ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿತು. 2011ರ ಪರಿಷ್ಕರಣದಲ್ಲಿ ಆ ಎರಡು ಬಗೆಯ ಪ್ರಶ್ನೆಗಳನ್ನೂ ತೆಗೆದುಹಾಕಲಾಯಿತು. ಇಂದು ಪ್ರತಿಯೊಂದು ಪದವೂ ವಾಕ್ಯದೊಳಗೇ ಬರುತ್ತದೆ. ಪರೀಕ್ಷೆ ಬದಲಾಯಿತು, ಆದರೆ ಪಟ್ಟಿಯನ್ನು ಉರುಹೊಡೆಯುವ ಅಭ್ಯಾಸ ಮಾತ್ರ ಇನ್ನೂ ಬದಲಾಗಿಲ್ಲ.

ಪಟ್ಟಿಯ ದೋಷ

ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದರ ಪಕ್ಕದಲ್ಲಿರುವ ಪದಕ್ಕೆ ಇನ್ನೊಂದರೊಡನೆ ಅಕ್ಷರದ ನಂಟಿದೆಯೇ ಹೊರತು ಅರ್ಥದ ನಂಟಿಲ್ಲ. ‘ಅಬೇಟ್’ ಎಂದರೆ ತಗ್ಗು, ‘ಅಬೆರಂಟ್’ ಎಂದರೆ ದಾರಿತಪ್ಪಿದ, ‘ಅಬೇಯನ್ಸ್’ ಎಂದರೆ ತಾತ್ಕಾಲಿಕ ಸ್ಥಗಿತ, ‘ಅಬ್‌ಸ್ಕಾಂಡ್’ ಎಂದರೆ ತಲೆತಪ್ಪಿಸಿಕೊಳ್ಳು. ಇವು ನಾಲ್ಕೂ ಒಂದೇ ಪುಟದಲ್ಲಿದ್ದರೂ ಮನಸ್ಸಿನಲ್ಲಿ ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಮೊದಲ ವಾರದಲ್ಲಿ ಉತ್ಸಾಹದಿಂದ ಆರಂಭಿಸಿದ ವಿದ್ಯಾರ್ಥಿ ಮೂರನೆಯ ವಾರದಲ್ಲಿ ಬೇಸತ್ತು ಬಿಡುತ್ತಾನೆ. ಮತ್ತೊಮ್ಮೆ ಮನಸ್ಸು ಮಾಡಿದಾಗ ಪುನಃ ಮೊದಲಿನಿಂದಲೇ ಆರಂಭಿಸುತ್ತಾನೆ. ಹೀಗಾಗಿ ಅನೇಕರ ಪದಭಂಡಾರವು ಇಂಗ್ಲಿಷ್ ವರ್ಣಮಾಲೆಯ ಮೊದಲನೆಯ ಅಕ್ಷರದಲ್ಲಿ ಸಮೃದ್ಧವಾಗಿಯೂ ಉಳಿದ 25 ಅಕ್ಷರಗಳಲ್ಲಿ ಬರಿದಾಗಿಯೂ ಇರುವುದನ್ನು ಅಧ್ಯಾಪಕರು ಬಲ್ಲರು.

ಇಂತಹ ವಿದ್ಯಾರ್ಥಿ ತನ್ನ ಸೋಲಿಗೆ ಕನ್ನಡವನ್ನು ಹೊಣೆಮಾಡುತ್ತಾನೆ. ವಾಸ್ತವವಾಗಿ ಅವನನ್ನು ಸೋಲಿಸಿದುದು ಕನ್ನಡವಲ್ಲ, ಕ್ರಮವಿಲ್ಲದ ಕಲಿಕೆ. ಅನ್ಯಭಾಷೆಯ ಪದರಾಶಿಯನ್ನು ಕ್ರಮದಿಂದ ಕಲಿಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಅದಕ್ಕೆ ಸಾವಿರ ವರ್ಷಗಳ ಪರಂಪರೆಯಿದೆ.

ನಮ್ಮ ನಿಘಂಟುಗಳು

ಇದೇ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಿ ಜನಿಸಿದ ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನ ಹೆಸರಿನಲ್ಲಿ ‘ರನ್ನಕಂದ’ ಎಂಬ ಪದಕೋಶವೊಂದರ ಕೆಲವೇ ಪದ್ಯಗಳು ಉಳಿದುಬಂದಿವೆ. ಕನ್ನಡದ ಉಪಲಬ್ಧ ನಿಘಂಟುಗಳಲ್ಲಿ ಇದನ್ನೇ ಪ್ರಾಚೀನತಮವೆಂದು ವಿದ್ವಾಂಸರು ಎಣಿಸುತ್ತಾರೆ. ಅನಂತರ ನಾಗವರ್ಮನು ‘ಅಭಿಧಾನವಸ್ತುಕೋಶ’ವನ್ನು ರಚಿಸಿ, ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿದನು. 1398ರಲ್ಲಿ ಅಭಿನವ ಮಂಗರಾಜನ ನಿಘಂಟು ಹುಟ್ಟಿತು. ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಹಳಗನ್ನಡ ಪದಗಳ ಅರ್ಥವನ್ನು ತಿಳಿಸಿತು. ಇಂದಿನ ತರುಣನಿಗೆ ಇಂಗ್ಲಿಷ್ ಎಂತೋ ಅಂದಿನ ಕನ್ನಡ ವಿದ್ಯಾರ್ಥಿಗೆ ಸಂಸ್ಕೃತವು ಅಂತೆಯೇ ಮನೆಯ ಮಾತಲ್ಲದ ವಿದ್ವತ್ಭಾಷೆಯಾಗಿತ್ತು. ಅದರ ಪದಗಳನ್ನು ಅವನು ತನ್ನದಾಗಿಸಿಕೊಂಡನು. ತನ್ನ ಭಾಷೆಯನ್ನು ತೊರೆದು ಅಲ್ಲ, ತನ್ನ ಭಾಷೆಯ ಮೂಲಕವೇ.

ಈ ಕೋಶಕಾರರೆಲ್ಲರಿಗೂ ಮಾದರಿಯೆನಿಸಿದ ಅಮರಸಿಂಹನ ‘ನಾಮಲಿಂಗಾನುಶಾಸನ’ದಲ್ಲಿ, ಅಂದರೆ ಅಮರಕೋಶದಲ್ಲಿ, ಸುಮಾರು 1500 ಶ್ಲೋಕಗಳೂ ಮೂರು ಕಾಂಡಗಳೂ ಇವೆ. ಅಲ್ಲಿ ಪದಗಳ ಜೋಡಣೆ ಅಕಾರಾದಿಯಲ್ಲ, ಅರ್ಥಾನುಸಾರಿ. ಸ್ವರ್ಗವರ್ಗ, ಕಾಲವರ್ಗ, ಭೂಮಿವರ್ಗ, ವನೌಷಧಿವರ್ಗ ಎಂದು ಒಂದೊಂದು ವಿಷಯದ ಪದಗಳೆಲ್ಲ ಒಂದೊಂದು ಮನೆಯಲ್ಲಿ ಕೂಡಿವೆ. ಅನೇಕಾರ್ಥಗಳುಳ್ಳ ಪದಗಳಿಗೆ ಬೇರೆಯೇ ಆದ ನಾನಾರ್ಥವರ್ಗವಿದೆ. ಇಂಗ್ಲೆಂಡಿನಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯನು 1852ರಲ್ಲಿ ತನ್ನ ‘ಥೆಸಾರಸ್’ ಎಂಬ ಅರ್ಥಾನುಸಾರಿ ಪದಕೋಶವನ್ನು ಪ್ರಕಟಿಸಿದಾಗ, ಇಂತಹ ಪ್ರಯತ್ನಗಳಲ್ಲಿ ಅತ್ಯಂತ ಪ್ರಾಚೀನವಾದುದು ಅಮರಕೋಶವೆಂದು ತನ್ನ ಪೀಠಿಕೆಯ ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡನು. ಕೋಲ್‌ಬ್ರೂಕ್ ಸಂಪಾದಿಸಿ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಆವೃತ್ತಿ ಅವನಿಗೆ ತಿಳಿದಿತ್ತು. ಇಂದು ಇಂಗ್ಲಿಷ್ ಕಲಿಯುವವರು ಆದರದಿಂದ ತೆರೆಯುವ ಆ ಗ್ರಂಥದ ಮಾರ್ಗವು ನಮ್ಮ ಪಾಠಶಾಲೆಗಳಲ್ಲಿ ಬಹು ಹಿಂದೆಯೇ ನಡೆದು ಸವೆದ ಮಾರ್ಗವಾಗಿದೆ.

ಆ ಮಾರ್ಗದಲ್ಲಿ ಪರ್ಯಾಯ, ವ್ಯುತ್ಪತ್ತಿ, ನಾನಾರ್ಥ, ಪ್ರಯೋಗ ಎಂಬ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಬಹುದು. ಅವುಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ಅನ್ವಯಿಸಿ ನೋಡೋಣ.

ಪರ್ಯಾಯಪದಗಳ ಛಾಯೆ

ಮೊದಲನೆಯದು, ಪದಗಳನ್ನು ಅರ್ಥದ ವರ್ಗಗಳಾಗಿ ಕಲಿಯುವುದು. ಉದಾಹರಣೆಗೆ ಮಾತಿನ ಸ್ವಭಾವವನ್ನು ಹೇಳುವ ಪದಗಳನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ವಾಗ್ಮಿ, ವಾಚಾಳಿ, ಬಾಯಿಬಡುಕ, ಹರಟೆಮಲ್ಲ, ಮಿತಭಾಷಿ, ಮೌನಿ ಎಂಬ ಪದಗಳಿವೆ. ಇವುಗಳಲ್ಲಿ ವಾಗ್ಮಿ ಎಂಬುದು ಪ್ರಶಂಸೆ, ವಾಚಾಳಿ ಎಂಬುದು ಆಕ್ಷೇಪ. ಮಿತಭಾಷಿ ಎಂದರೆ ಗೌರವ, ಬಾಯಿಬಡುಕ ಎಂದರೆ ತಿರಸ್ಕಾರ. ಈ ಭೇದವನ್ನು ಕನ್ನಡ ಬಲ್ಲ ಬಾಲಕನಿಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ಇಂಗ್ಲಿಷಿನ ‘ಎಲೊಕ್ವೆಂಟ್’ ಎಂಬುದನ್ನು ವಾಗ್ಮಿಯ ಪಕ್ಕದಲ್ಲಿ, ‘ಲೊಕ್ವೇಶಸ್’ ಎಂಬುದನ್ನು ವಾಚಾಳಿಯ ಪಕ್ಕದಲ್ಲಿ, ‘ಗ್ಯಾರುಲಸ್’ ಎಂಬುದನ್ನು ಹುರುಳಿಲ್ಲದ್ದನ್ನು ಹರಟುವ ಹರಟೆಮಲ್ಲನ ಪಕ್ಕದಲ್ಲಿ ಇಡಬೇಕು. ‘ಟ್ಯಾಸಿಟರ್ನ್’ ಎಂದರೆ ಸ್ವಭಾವತಃ ಮಾತು ಕಡಿಮೆಯಾದವನು. ‘ರೆಟಿಸೆಂಟ್’ ಎಂದರೆ ಮನಸ್ಸಿನಲ್ಲಿದ್ದುದನ್ನು ಹೊರಗೆ ಹೇಳಲು ಹಿಂಜರಿಯುವವನು. ‘ಲಕಾನಿಕ್’ ಎಂದರೆ ಹೇಳಬೇಕಾದುದನ್ನು ಎರಡೇ ಮಾತಿನಲ್ಲಿ ಮುಗಿಸುವವನು. ಅಲ್ಪಭಾಷಿಗಳೆಂದು ಹೆಸರಾದ ಗ್ರೀಸಿನ ಸ್ಪಾರ್ಟಾ ಜನರ ಲಕೋನಿಯಾ ಪ್ರಾಂತದಿಂದ ಈ ಪದ ಬಂದಿದೆ. ಮೂರಕ್ಕೂ ‘ಕಡಿಮೆ ಮಾತಾಡುವ’ ಎಂದು ಒಂದೇ ಅರ್ಥವನ್ನು ಬರೆದುಕೊಂಡವನು ಪದವನ್ನು ಕಂಡಿದ್ದಾನೆಯೇ ವಿನಾ ಅದರ ಪರಿಚಯ ಮಾಡಿಕೊಂಡಿಲ್ಲ. ಆ ಭೇದವನ್ನು ಗ್ರಹಿಸುವ ಸೂಕ್ಷ್ಮಬುದ್ಧಿಯನ್ನು ವಿದ್ಯಾರ್ಥಿ ತನ್ನ ತಾಯ್ನುಡಿಯಿಂದಲೇ ತರಬೇಕು. ಕನ್ನಡದಲ್ಲಿ ಮಿತಭಾಷಿಗೂ ಮೌನಿಗೂ ವ್ಯತ್ಯಾಸ ತಿಳಿಯದವನಿಗೆ ಇಂಗ್ಲಿಷಿನಲ್ಲಿ ಅದು ತಿಳಿಯುವುದು ದುಸ್ತರ. ಆದುದರಿಂದ ಕನ್ನಡದ ತರಗತಿಯಲ್ಲಿ ಕಳೆದ ಗಳಿಗೆಗಳು ಇಂಗ್ಲಿಷಿಗೆ ನಷ್ಟವಲ್ಲ.

ಧಾತು ಮತ್ತು ಉಪಸರ್ಗ

ಎರಡನೆಯ ಮೆಟ್ಟಿಲು ವ್ಯುತ್ಪತ್ತಿ. ‘ಹೃ’ ಎಂಬ ಒಂದೇ ಧಾತುವಿಗೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಬೇರೆಬೇರೆ ಅರ್ಥದ ಪದಗಳಾಗುವುದನ್ನು ವ್ಯಾಕರಣದ ಪಾಠದಲ್ಲಿ ಎಲ್ಲರೂ ಕೇಳಿದವರೇ. ಇಂಗ್ಲಿಷಿನ ವಿದ್ವತ್ಪದಗಳಲ್ಲಿ ಬಹುಭಾಗ ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಅಲ್ಲಿಯೂ ಇದೇ ವ್ಯವಸ್ಥೆ. ಬರೆ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ‘ಪ್ರಿಸ್ಕ್ರೈಬ್’, ‘ಪ್ರೊಸ್ಕ್ರೈಬ್’, ‘ಅಸ್ಕ್ರೈಬ್’, ‘ಸರ್ಕಮ್‌ಸ್ಕ್ರೈಬ್’ ಎಂಬ ಪದಗಳಾಗಿವೆ. ಮೊದಲನೆಯದು ಹೀಗೆ ಮಾಡೆಂದು ಹೇಳುವ ವಿಧಿ; ಎರಡನೆಯದು ಮಾಡಬೇಡೆಂದು ತಡೆಯುವ ನಿಷೇಧ. ಒಂದೇ ಸ್ವರದ ವ್ಯತ್ಯಾಸದಿಂದ ಅರ್ಥ ತಲೆಕೆಳಗಾಗುತ್ತದೆ. ಮೂರನೆಯದು ಆರೋಪಿಸು, ನಾಲ್ಕನೆಯದು ಸುತ್ತ ಗೆರೆಯೆಳೆದು ಮಿತಿಗೊಳಿಸು. ವಿಧಿ-ನಿಷೇಧಗಳ ಜೋಡಿಯನ್ನು ಬಲ್ಲವನು ಮೊದಲೆರಡು ಪದಗಳನ್ನು ಎಂದಿಗೂ ಅದಲುಬದಲು ಮಾಡಲಾರನು.

ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಒಂದೇ ಭಾಷಾಕುಟುಂಬಕ್ಕೆ ಸೇರಿದವುಗಳಾದುದರಿಂದ, ಕನ್ನಡದಲ್ಲಿ ಹಾಸುಹೊಕ್ಕಾಗಿರುವ ಸಂಸ್ಕೃತ ಪದಗಳ ಬಲದಿಂದ ಇನ್ನೂ ಒಂದು ಲಾಭವುಂಟು. ನಿಷೇಧಾರ್ಥದ ‘ಅ’ಕಾರವು ಸ್ವರದ ಮುಂದೆ ‘ಅನ್’ ಆಗುವುದು ಸಂಸ್ಕೃತದ ನಿಯಮ: ಅಚಲ, ಅಧರ್ಮ, ಅನಂತ, ಅನುಚಿತ. ಗ್ರೀಕಿನಲ್ಲಿಯೂ ಇದೇ ನಿಯಮ. ‘ಅಮಾರ್ಫಸ್’ ಎಂದರೆ ರೂಪವಿಲ್ಲದ್ದು. ‘ಅನಾರ್ಕಿ’ ಎಂದರೆ ಅರಾಜಕತೆ. ‘ಅನಾನಿಮಸ್’ ಎಂದರೆ ಅನಾಮಧೇಯ. ಈ ಕೊನೆಯ ಪದದಲ್ಲಿರುವ ಗ್ರೀಕ್ ಶಬ್ದವೂ ನಮ್ಮ ‘ನಾಮ’ ಶಬ್ದವೂ ಮೂಲದಲ್ಲಿ ಒಡಹುಟ್ಟುಗಳು. ಗ್ರೀಕಿನ ‘ಯು’ ಎಂಬುದು ನಮ್ಮ ‘ಸು’ವಿನ ಬಂಧು: ‘ಯೂಫನಿ’ ಎಂದರೆ ಸುಸ್ವರ, ‘ಯೂಲಜಿ’ ಎಂದರೆ ಸ್ತುತಿವಚನ, ‘ಯೂಫೆಮಿಸಂ’ ಎಂದರೆ ಕಟುವಾದುದನ್ನು ಮೃದುವಾಗಿ ಹೇಳುವುದು, ಸತ್ತರೆನ್ನದೆ ತೀರಿಕೊಂಡರೆನ್ನುವಂತೆ. ಅಲ್ಲಿನ ‘ಡಿಸ್’ ಎಂಬುದು ನಮ್ಮ ‘ದುಸ್’ ಎಂಬುದರ ಬಂಧು. ‘ಡಿಸ್‌ಪೆಪ್ಟಿಕ್’ ಎಂಬಲ್ಲಿನ ಎರಡನೆಯ ಭಾಗವು ಪಚನದ ‘ಪಚ್’ ಧಾತುವಿನ ಸೋದರ. ಅಜೀರ್ಣದಿಂದ ಬಳಲುವವನು, ಆದುದರಿಂದಲೇ ಸಿಡುಕನು ಎಂದು ಅದರ ಅರ್ಥ.

ಉಸಿರಾಡು ಎಂಬರ್ಥದ ‘ಅನ್’ ಧಾತುವಿನಿಂದ ನಮ್ಮಲ್ಲಿ ಪ್ರಾಣ, ಅಪಾನ ಎಂಬ ಪದಗಳಾದಂತೆ ಲ್ಯಾಟಿನಿನಲ್ಲಿ ಮನಸ್ಸೆಂಬರ್ಥದ ‘ಅನಿಮುಸ್’ ಆಯಿತು. ಅದರಿಂದ ಹುಟ್ಟಿದ ‘ಮ್ಯಾಗ್ನಾನಿಮಸ್’ ಎಂದರೆ ಮಹಾಮನಸ್ಕ, ‘ಈಕ್ವನಿಮಿಟಿ’ ಎಂದರೆ ಸಮಚಿತ್ತತೆ, ‘ಯುನ್ಯಾನಿಮಸ್’ ಎಂದರೆ ಏಕಮನಸ್ಸಿನ, ‘ಪ್ಯೂಸಿಲ್ಯಾನಿಮಸ್’ ಎಂದರೆ ಎದೆಗಾರಿಕೆಯಿಲ್ಲದ ಅಲ್ಪಮನಸ್ಸಿನ. ಹೀಗೆ ಒಂದು ಮೂಲವನ್ನು ಹಿಡಿದರೆ ನಾಲ್ಕು ಪದಗಳು ತಾವಾಗಿಯೇ ಹಿಂದೆ ಬರುತ್ತವೆ.

ಯೋಗ ಮತ್ತು ರೂಢಿ

ಆದರೆ ವ್ಯುತ್ಪತ್ತಿಯನ್ನೇ ಪೂರ್ಣವಾಗಿ ನಂಬುವುದೂ ಅಪಾಯಕರ. ನಮ್ಮ ಶಾಸ್ತ್ರಕಾರರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸಿದುದು ಈ ಎಚ್ಚರಿಕೆಗಾಗಿಯೇ. ಕೆಸರಿನಲ್ಲಿ ಹುಟ್ಟಿದುದೆಲ್ಲ ‘ಪಂಕಜ’ವಲ್ಲ, ತಾವರೆ ಮಾತ್ರ ಪಂಕಜ. ಇಂಗ್ಲಿಷಿನಲ್ಲಿಯೂ ಅವಯವಗಳ ಅರ್ಥವನ್ನು ನಂಬಿ ಕೆಟ್ಟವರು ಬಹುಮಂದಿ. ‘ನಾಯ್ಸಮ್’ ಎಂಬುದಕ್ಕೂ ಸದ್ದಿಗೂ ಸಂಬಂಧವಿಲ್ಲ. ಅದರ ಅರ್ಥ ದುರ್ವಾಸನೆಯಿಂದ ಕೂಡಿದ, ಹೇಸಿಗೆ ಹುಟ್ಟಿಸುವ ಎಂದು. ‘ಎನರ್ವೇಟ್’ ಎಂದರೆ ಶಕ್ತಿ ತುಂಬು ಎಂದಲ್ಲ, ಶಕ್ತಿಗುಂದಿಸು. ‘ರೆಸ್ಟಿವ್’ ಎಂದರೆ ವಿಶ್ರಾಂತಿಯಲ್ಲಿರುವ ಎಂದಲ್ಲ, ಹಿಡಿತಕ್ಕೆ ಸಿಕ್ಕದೆ ಚಡಪಡಿಸುವ. ‘ಇನ್‌ಫ್ಲೇಮಬಲ್’ ಎಂಬಲ್ಲಿ ಮೊದಲಿಗಿರುವುದು ನಿಷೇಧವಲ್ಲ; ಬೇಗನೆ ಹೊತ್ತಿಕೊಳ್ಳುವ ಎಂದೇ ಅದರ ಅರ್ಥ. ಆದಕಾರಣ ವ್ಯುತ್ಪತ್ತಿಯಿಂದ ಅರ್ಥವನ್ನು ಊಹಿಸಬೇಕು, ನಿಘಂಟಿನಿಂದ ಅದನ್ನು ನಿರ್ಣಯಿಸಬೇಕು. ಊಹೆ ಸ್ಮರಣೆಗೆ ಸಹಾಯಕವೇ ಹೊರತು ಪ್ರಮಾಣವಲ್ಲ.

ಬಲ್ಲ ಪದದ ಬಲ್ಲದ ಅರ್ಥ

ಮೂರನೆಯ ಮೆಟ್ಟಿಲು ನಾನಾರ್ಥ. ಅಪರಿಚಿತ ಪದಕ್ಕಿಂತ ಪರಿಚಿತ ಪದವೇ ಪರೀಕ್ಷೆಯಲ್ಲಿ ಹೆಚ್ಚು ಮೋಸಗೊಳಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ‘ಸಾಲ ಸ್ಯಾಂಕ್ಷನ್ ಆಯಿತು’ ಎನ್ನುತ್ತಾರೆ. ಅಲ್ಲಿ ಸ್ಯಾಂಕ್ಷನ್ ಎಂದರೆ ಮಂಜೂರು. ಅದೇ ಪದಕ್ಕೆ ದಂಡನೆ, ನಿರ್ಬಂಧ ಎಂಬ ಪೂರ್ಣ ವಿರುದ್ಧವಾದ ಅರ್ಥವೂ ಇದೆ. ಒಂದು ದೇಶ ಇನ್ನೊಂದರ ಮೇಲೆ ಹೇರುವ ವ್ಯಾಪಾರದ ನಿರ್ಬಂಧಗಳಿಗೆ ಇದೇ ಪದ. ಪೊಲೀಸರು ಮಾಡುವ ‘ಅರೆಸ್ಟ್’ ಎಲ್ಲರಿಗೂ ಗೊತ್ತು. ರೋಗದ ಬೆಳವಣಿಗೆಯನ್ನು ತಡೆಯುವುದೂ ಅರೆಸ್ಟ್ ಎಂಬುದು ಎಲ್ಲರಿಗೂ ಗೊತ್ತಿಲ್ಲ. ‘ಚೆಕ್’ ಎಂದರೆ ಪರೀಕ್ಷಿಸುವುದಷ್ಟೇ ಅಲ್ಲ, ಅಂಕೆಯಲ್ಲಿಡುವುದು. ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆಯುವುದಷ್ಟೇ ಅಲ್ಲ, ಹೇಳಿದ ಮಾತಿಗೆ ಮಿತಿಯನ್ನು ಸೇರಿಸುವುದು. ‘ಟೆಂಪರ್’ ಎಂದರೆ ಕೋಪವಷ್ಟೇ ಅಲ್ಲ, ಉಗ್ರತೆಯನ್ನು ಹದಗೊಳಿಸುವುದು. ‘ಪೆಡೆಸ್ಟ್ರಿಯನ್’ ಎಂದರೆ ಪಾದಚಾರಿ. ಬರೆಹವನ್ನು ಕುರಿತು ಹೇಳಿದಾಗ ನೀರಸ, ಸಾಮಾನ್ಯ ಎಂದು. ಇಂತಹ ಪದಗಳಿಗೆ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದಲ್ಲಿ ಅಮರಕೋಶದಂತೆಯೇ ಪ್ರತ್ಯೇಕವಾದ ಒಂದು ನಾನಾರ್ಥವರ್ಗವಿರಬೇಕು.

ಪ್ರಯೋಗವೇ ಪ್ರಮಾಣ

ನಾಲ್ಕನೆಯದೂ ಮುಖ್ಯವಾದುದೂ ಆದ ಮೆಟ್ಟಿಲು ಪ್ರಯೋಗ. ಬಾದಾಮಿಯ ತಟ್ಟುಕೋಟೆಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿನದೆಂದು ಎಣಿಸಲಾಗುವ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಪ್ರಾಚೀನ ಉದಾಹರಣೆಗಾಗಿ ಅದು ಪ್ರಸಿದ್ಧ. ಆ ವೀರನು ಸಜ್ಜನರ ಪಾಲಿಗೆ ಎಷ್ಟು ಮೃದುವೋ ಪೀಡಿಸುವವರ ಪಾಲಿಗೆ ಅಷ್ಟೇ ಕಠಿಣನೆಂಬುದು ಅದರ ಇಂಗಿತ. ಅಂತಹ ವಾಕ್ಯದಲ್ಲಿ ಒಂದು ಪದ ಸವೆದು ಅಳಿಸಿಹೋಯಿತೆಂದು ಭಾವಿಸಿದರೆ ಶಾಸನತಜ್ಞನು ಏನು ಮಾಡುವನು? ಮುಂದಿನ ಹಿಂದಿನ ಪದಗಳನ್ನು ನೋಡುವನು, ಮಾತು ಒಂದೇ ದಿಕ್ಕಿನಲ್ಲಿ ಸಾಗಿದೆಯೋ ಎದುರು ದಿಕ್ಕಿಗೆ ತಿರುಗಿದೆಯೋ ಎಂದು ವಿಚಾರಿಸುವನು, ಅನಂತರವೇ ಅಳಿದ ಪದವನ್ನು ಊಹಿಸುವನು. ಬಿಟ್ಟ ಸ್ಥಳ ತುಂಬುವ ಪರೀಕ್ಷೆಯೂ ಇದೇ ಕೆಲಸ.

ಒಂದು ಉದಾಹರಣೆಯನ್ನು ಕನ್ನಡದಲ್ಲಿಯೇ ಕಲ್ಪಿಸಬಹುದು: ‘ಸಭೆಗಳಲ್ಲಿ ……… ಎಂದು ಹೆಸರಾಗಿದ್ದ ಆ ಪ್ರಾಚಾರ್ಯರು ಆಪ್ತರ ನಡುವೆ ಕುಳಿತಾಗ ಮಾತ್ರ ಮಧ್ಯರಾತ್ರಿಯವರೆಗೂ ಮಾತು ನಿಲ್ಲಿಸುತ್ತಿರಲಿಲ್ಲ.’ ಕೊಟ್ಟ ಪದಗಳು ಆರು: ಟ್ಯಾಸಿಟರ್ನ್, ಫ್ರೂಗಲ್, ಲೊಕ್ವೇಶಸ್, ರೆಟಿಸೆಂಟ್, ಡಿಲಿಜೆಂಟ್, ಗ್ಯಾರುಲಸ್. ಇಲ್ಲಿ ಸಮೀಪಾರ್ಥದ ಜೋಡಿಗಳು ಎರಡಿವೆ. ಲೊಕ್ವೇಶಸ್ ಮತ್ತು ಗ್ಯಾರುಲಸ್ ಒಂದು ಜೋಡಿ, ಟ್ಯಾಸಿಟರ್ನ್ ಮತ್ತು ರೆಟಿಸೆಂಟ್ ಇನ್ನೊಂದು ಜೋಡಿ. ಪಟ್ಟಿಯನ್ನು ಮಾತ್ರ ಬಲ್ಲವನು ವಾಕ್ಯದಲ್ಲಿ ಮಾತಿನ ಪ್ರಸ್ತಾಪವನ್ನು ಕಂಡೊಡನೆ ಮೊದಲನೆಯ ಜೋಡಿಯನ್ನು ಆರಿಸಿ ಸೋಲುತ್ತಾನೆ. ‘ಮಾತ್ರ’ ಎಂಬ ಒಂದು ಅವ್ಯಯವು ಅರ್ಥವನ್ನು ತಿರುಗಿಸಿತೆಂಬುದನ್ನು ಕಂಡವನು ಎರಡನೆಯದನ್ನು ಆರಿಸುತ್ತಾನೆ. ಪದಜ್ಞಾನ ಇಬ್ಬರಿಗೂ ಇತ್ತು. ವಾಕ್ಯಜ್ಞಾನ ಒಬ್ಬನಿಗೆ ಮಾತ್ರ ಇತ್ತು. ಆದರೂ, ಅಲ್ಲದೆ, ಆದುದರಿಂದ ಎಂಬ ಅರ್ಥದ ಇಂಗ್ಲಿಷ್ ಅವ್ಯಯಗಳನ್ನು ಮೊದಲು ಗುರುತಿಸುವ ಅಭ್ಯಾಸವೇ ಅರ್ಧ ಗೆಲುವು.

ಹೊರನಾಡಿನಿಂದ ಬಂದು ನಮ್ಮ ಭಾಷೆಯನ್ನು ಕಲಿತ ರೆವರೆಂಡ್ ಫರ್ಡಿನಂಡ್ ಕಿಟೆಲ್ಲರೂ ಈ ತತ್ತ್ವವನ್ನೇ ಅನುಸರಿಸಿದರು. 1853ರಲ್ಲಿ ಜರ್ಮನಿಯಿಂದ ಬಂದ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯಪ್ರಯೋಗಗಳನ್ನೂ ಗಾದೆಮಾತುಗಳನ್ನೂ ಪದಗಳ ಜೊತೆಗೆ ಕೊಟ್ಟಿದ್ದಾರೆ. ಪದವು ಜನರ ಬಾಯಲ್ಲಿಯೂ ಕವಿಯ ವಾಕ್ಯದಲ್ಲಿಯೂ ಬದುಕುತ್ತದೆಯೆಂಬುದನ್ನು ಅವರು ಬಲ್ಲವರಾಗಿದ್ದರು. ಜರ್ಮನ್ ಭಾಷೆಯವರೊಬ್ಬರು ನಮ್ಮ ಹಳಗನ್ನಡವನ್ನು ಹೀಗೆ ವಶಪಡಿಸಿಕೊಂಡಿರುವಾಗ, ನಮ್ಮ ತರುಣರಿಗೆ ಇಂಗ್ಲಿಷ್ ಅಸಾಧ್ಯವೆನ್ನುವುದು ಸಮಂಜಸವಲ್ಲ.

ಅಭ್ಯಾಸಕ್ರಮ

ಕಲಿತುದು ನಿಲ್ಲಬೇಕಾದರೆ ಆವೃತ್ತಿ ಅಗತ್ಯ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗಗಳನ್ನು ನಡೆಸಿ, ಕಲಿತುದರಲ್ಲಿ ಬಹುಭಾಗ ಮೊದಲ ದಿನದಲ್ಲಿಯೇ ಮರೆತುಹೋಗುವುದೆಂದೂ ಅನಂತರ ಮರೆವಿನ ವೇಗ ತಗ್ಗುವುದೆಂದೂ 1885ರಲ್ಲಿ ಪ್ರಕಟಿಸಿದನು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬವನು ಕಾಗದದ ಚೀಟಿಗಳನ್ನು ಪೆಟ್ಟಿಗೆಯ ಮನೆಗಳಲ್ಲಿಟ್ಟು, ನೆನಪಾದುದನ್ನು ಮುಂದಿನ ಮನೆಗೂ ಮರೆತುದನ್ನು ಮೊದಲ ಮನೆಗೂ ಸಾಗಿಸುವ ಕ್ರಮವನ್ನು ಪ್ರಚುರಪಡಿಸಿದನು. ಇಂದು ಮೊಬೈಲ್ ಫೋನಿನಲ್ಲಿ ದೊರೆಯುವ ಪದಾಭ್ಯಾಸದ ಸಾಧನಗಳಲ್ಲಿ ಅನೇಕವು ಇದೇ ತತ್ತ್ವದ ಮೇಲೆ ನಿಂತಿವೆ. ನಮ್ಮ ಪಾಠಶಾಲೆಗಳಲ್ಲಿ ಹೊಸ ಪಾಠಕ್ಕೆ ಮುಂಚೆ ಹಳೆಯ ಪಾಠವನ್ನು ಒಪ್ಪಿಸುತ್ತಿದ್ದುದರ ಮರ್ಮವೂ ಇದುವೇ.

ಮರೋಳದ ಹೆಸರು ನಾಡಿನಲ್ಲೆಲ್ಲ ಕೇಳಿಬಂದುದು ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರ್ ಭೂಮಿಗೆ ಹನಿಹನಿಯಾಗಿ ಉಣಿಸಬೇಕೆಂಬುದು ಅದರ ಸಂಕಲ್ಪ. ಎರೆಹೊಲಕ್ಕೆ ಒಮ್ಮೆಲೇ ನೀರು ಹಾಯಿಸಿದರೆ ನೀರೂ ವ್ಯರ್ಥ, ನೆಲವೂ ಸವಳು. ಬೇರಿಗೆ ಹನಿಯಾಗಿ ಇಳಿದ ನೀರು ಬೆಳೆಗೆ ಸಲ್ಲುತ್ತದೆ. ಪದಗಳ ವಿಷಯದಲ್ಲಿಯೂ ಹಾಗೆಯೇ. ದಿನಕ್ಕೆ 8 ಹೊಸ ಪದಗಳಂತೆ ವಾರದಲ್ಲಿ 6 ದಿನ ಕಲಿತು, ಏಳನೆಯ ದಿನವನ್ನು ಪುನರಾವರ್ತನೆಗೆ ಮೀಸಲಿಟ್ಟರೆ, 25 ವಾರಗಳಲ್ಲಿ 1200 ಪದಗಳಾಗುತ್ತವೆ. ಪ್ರತಿ ಪದವನ್ನೂ ಮರುದಿನ, 4ನೆಯ ದಿನ, 8ನೆಯ ದಿನ, 16ನೆಯ ದಿನ ಹಾಗೂ ತಿಂಗಳ ಕೊನೆಗೆ ಮತ್ತೆ ನೋಡಬೇಕು.

ಟಿಪ್ಪಣಿ ಪುಸ್ತಕದಲ್ಲಿ ಪದ, ಅದರ ಕನ್ನಡ ಅರ್ಥ, ಛಾಯೆ, ಮೂಲ, ಓದುವಾಗ ಎದುರಾದ ವಾಕ್ಯ, ತಾನೇ ರಚಿಸಿದ ವಾಕ್ಯ ಎಂದು ಆರು ಕಲಮುಗಳಿರಲಿ. ಕೊನೆಯ ಕಲಮು ಖಾಲಿಯಿರುವ ಪದವನ್ನು ಕಲಿತ ಪದಗಳ ಲೆಕ್ಕಕ್ಕೆ ಹಿಡಿಯಬಾರದು. ಪ್ರತಿದಿನ ಒಳ್ಳೆಯ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನಾದರೂ ಓದಬೇಕು. ಪರೀಕ್ಷೆಯ ಭಾಷಾಭಾಗದ ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟು ಗದ್ಯಖಂಡಗಳನ್ನೇ ಅವಲಂಬಿಸಿವೆಯಾದುದರಿಂದ, ಓದಿನ ಅಭ್ಯಾಸವಿಲ್ಲದವನಿಗೆ ಸಾವಿರ ಪದಗಳಿದ್ದರೂ ಪ್ರಯೋಜನವಿಲ್ಲ. ಇಳಕಲ್ಲಿನ ಮಗ್ಗದಲ್ಲಿ ಹಾಸು ಒಂದೇ ಇದ್ದರೆ ಸೀರೆಯಾಗುವುದಿಲ್ಲ, ಹೊಕ್ಕು ಬೇಕು. ಪದಗಳ ಸಂಗ್ರಹ ಹಾಸಾದರೆ ನಿತ್ಯದ ಓದು ಹೊಕ್ಕು.

ಶಾಲೆಯ ಹೊಣೆ

ಈ ಕಾರ್ಯವು ಪದವಿಯ ಕೊನೆಯ ವರ್ಷದಲ್ಲಿ ಆರಂಭವಾಗತಕ್ಕದ್ದಲ್ಲ. ಆರು ತಿಂಗಳ ತರಬೇತಿ ಪಟ್ಟಣದಲ್ಲಿ ಹಣ ಕೊಟ್ಟರೆ ದೊರೆಯುತ್ತದೆ. ಹತ್ತು ವರ್ಷಗಳ ಭಾಷಾಸಂಸ್ಕಾರ ಹಣಕ್ಕೆ ದೊರೆಯುವಂತಹುದಲ್ಲ. ಪರೀಕ್ಷೆಯ ಶುಲ್ಕವೂ ಒಕ್ಕಲುತನವನ್ನೇ ನಂಬಿದ ಕುಟುಂಬಕ್ಕೆ ಅಲ್ಪವಲ್ಲ. ಸಿದ್ಧತೆಯಿಲ್ಲದೆ ಬರೆದು ಸೋತ ಮಗನು ತನ್ನನ್ನೂ ತನ್ನ ಶಾಲೆಯನ್ನೂ ತನ್ನ ಮಾತೃಭಾಷೆಯನ್ನೂ ಒಟ್ಟಿಗೆ ಹಳಿಯುವಂತಾಗಬಾರದು. ಕನ್ನಡದ ಅಧ್ಯಾಪಕರು ಪರ್ಯಾಯ, ನಾನಾರ್ಥ, ಸಮಾಸ, ಉಪಸರ್ಗಗಳನ್ನು ಅಂಕಗಳಿಗಾಗಿ ಮಾತ್ರ ಬೋಧಿಸದೆ ಅರ್ಥದ ಸೂಕ್ಷ್ಮತೆಗಾಗಿ ಬೋಧಿಸಬೇಕು. ಇಂಗ್ಲಿಷ್ ಅಧ್ಯಾಪಕರು ಕನ್ನಡವನ್ನು ತರಗತಿಯಿಂದ ಹೊರಗಿಡದೆ ಅದನ್ನೇ ಮೆಟ್ಟಿಲಾಗಿ ಬಳಸಬೇಕು. ಈ ಇಬ್ಬರೂ ವಾರಕ್ಕೊಮ್ಮೆ ಒಂದೇ ತರಗತಿಯಲ್ಲಿ ಕುಳಿತು ಒಂದು ಪದವರ್ಗವನ್ನು ಎರಡೂ ಭಾಷೆಗಳಲ್ಲಿ ವಿವರಿಸಿದರೆ, ಅದಕ್ಕಿಂತ ಮಿಗಿಲಾದ ಪಾಠ ಬೇರೊಂದಿಲ್ಲ.

ಗ್ರಂಥಾಲಯದ ವಿಷಯದಲ್ಲಿ ದಾನಿಗಳು ಗಮನಿಸತಕ್ಕ ಮಾತೊಂದಿದೆ. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಮೊದಲು ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟು, ಕಿಟೆಲ್ ನಿಘಂಟು, ರೋಜೆಯ ಥೆಸಾರಸ್, ಇವುಗಳ ಜೊತೆಗೆ ಎ. ಎಸ್. ಹಾರ್ನ್‌ಬಿಯವರ ಕಲಿಯುವವರ ನಿಘಂಟು ಪ್ರತಿ ಶಾಲೆಯಲ್ಲಿಯೂ ಮಕ್ಕಳ ಕೈಗೆಟಕುವಂತಿರಬೇಕು. ಹಾರ್ನ್‌ಬಿಯವರು ಜಪಾನಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದಾಗ, ಇಂಗ್ಲಿಷ್ ಮನೆಮಾತಲ್ಲದವರಿಗಾಗಿಯೇ ಅದನ್ನು ರಚಿಸಿದರು. 1942ರಲ್ಲಿ ಟೋಕಿಯೋದಲ್ಲಿ ಅದು ಮೊದಲು ಪ್ರಕಟವಾಯಿತು. ಪ್ರಯೋಗವಾಕ್ಯಗಳೇ ಅದರ ಜೀವಾಳ. ಕಟ್ಟಡಕ್ಕೆ ಕೊಟ್ಟ ದಾನ ಕಣ್ಣಿಗೆ ಕಾಣುತ್ತದೆ. ನಿಘಂಟಿಗೆ ಕೊಟ್ಟ ದಾನ ಕಾಣುವುದಿಲ್ಲ. ಆದರೆ ಹಾಳೆಗಳ ಅಂಚು ಸವೆದ ನಿಘಂಟೊಂದು ಆ ಶಾಲೆಯ ಉತ್ತಮ ಫಲಿತಾಂಶ ಪತ್ರಿಕೆಯೆನ್ನಬೇಕು. ಅದನ್ನು ಬೀಗ ಹಾಕಿದ ಕಪಾಟಿನಲ್ಲಿಡದಿರುವುದು ಶಾಲೆಯ ಕರ್ತವ್ಯ.

ಪ್ರವೇಶ ಪರೀಕ್ಷೆಗಳು ಕಾಲಕಾಲಕ್ಕೆ ಬದಲಾಗುತ್ತವೆ. 2011ರಲ್ಲಿ ಒಂದು ರೂಪ, 2023ರಲ್ಲಿ ಇನ್ನೊಂದು ರೂಪ, ಮುಂದೆ ಮತ್ತೊಂದು. ಆದರೆ ಒಂದು ಪದವನ್ನು ಅದರ ಮೂಲ, ಬಂಧುಗಳು, ಅರ್ಥಭೇದ, ಪ್ರಯೋಗಗಳೊಡನೆ ಅರಿಯುವ ವಿದ್ಯೆ ಬದಲಾಗುವುದಿಲ್ಲ. ಆ ವಿದ್ಯೆಯನ್ನು ಕನ್ನಡದಲ್ಲಿ ಕಲಿತವನಿಗೆ ಇಂಗ್ಲಿಷ್ ಪರಕೀಯವೆನಿಸಿದರೂ ದುರ್ಗಮವೆನಿಸದು. ಈ ಸೀಮೆಯ ಮಕ್ಕಳು ‘ನಾನು ಕನ್ನಡ ಮಾಧ್ಯಮದವನು’ ಎಂಬ ಮಾತನ್ನು ಕ್ಷಮೆ ಕೇಳುವ ದನಿಯಲ್ಲಿ ಹೇಳದೆ, ತಮ್ಮ ಅರ್ಹತೆಗಳಲ್ಲಿ ಒಂದೆಂಬಂತೆ ಹೇಳುವ ದಿನ ಬರಬೇಕು. ಅದನ್ನು ಸಾಧ್ಯವಾಗಿಸುವ ಹೊಣೆ ಗುರುಗಳದು, ಹಳೆಯ ವಿದ್ಯಾರ್ಥಿಗಳದು, ಶಾಲೆಯನ್ನು ಪೋಷಿಸಿದ ಮಹನೀಯರದು.